ಡಾಟ್ಸನ್ ಕಾರಿನ ಹಣೆಬೊಟ್ಟು

ಮೂಲತತ್ವ ತಿಳಿಯದೆ ನಾನು ಯಾವ ಕೆಲಸಕ್ಕೂ ಕೈ ಹಾಕುವವಳಲ್ಲ. ಇಡ್ಲಿ ಏಕೆ ಉಬ್ಬುತ್ತದೆ ಎಂದು ಓದಿ ಅರಗಿಸಿಕೊಂಡ ಮೇಲೆಯೇ ಇಡ್ಲಿಗೆ ನೆನೆಹಾಕಿದವಳು. ಆಮೇಲೂ ಅದು ಉಬ್ಬಲಿಲ್ಲ, ಆ ಮಾತು ಬೇರೆ. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಕಾಲೇಜಿನಲ್ಲಿ ಎರಡು ತಲೆಮಾರಿನ ಹುಡುಗರನ್ನು ನಡುಗಿಸಿ ನಿವೃತ್ತಳಾದ ನಾನು, ಕಂಪ್ಯೂಟರ್ ಆಟದ ಒಂದು ಕಾರನ್ನು ಹದ ಮಾಡಲಾರೆನೆ? ಅಷ್ಟು ಶಾಸ್ತ್ರೀಯವಾಗಿ ಸಜ್ಜಾದ ಕಾರು ಭೂಮಂಡಲದಲ್ಲೇ ಇನ್ನೊಂದಿರಕೂಡದು ಎಂದು ಸಂಕಲ್ಪ ಮಾಡಿದೆ!

ಈ ಸಂಕಲ್ಪಕ್ಕೆ ಕಾರಣ ನಮ್ಮ ಯಜಮಾನರು ವೆಂಕಟರಾಮಪ್ಪ. ಕೃಷ್ಣಗಿರಿಯ ಅಂಚೆ ಕಚೇರಿಯಿಂದ ನಿವೃತ್ತರಾಗಿ ಹೊಸೂರಿಗೆ ಬಂದ ಮೇಲೆ ಅವರಿಗೆ ಕಾರಿನ ಹುಚ್ಚು ಹತ್ತಿತು. ಸೂಳಗಿರಿಯಲ್ಲಿ ಅವರ ಸ್ನೇಹಿತ ಅಶ್ವತ್ಥಪ್ಪನವರ ತೋಟದಲ್ಲಿ, ಹುಣಸೆಮರದ ಕೆಳಗೆ, ಒಂದು ಹಳೆಯ ಫಿಯೆಟ್ ನಿಂತಿತ್ತು. ಅದರೊಳಗೆ ಕೋಳಿಗಳು ಸಂಸಾರ ಹೂಡಿದ್ದವು.

"ಕೋಳಿ ಎಬ್ಬಿಸಿದರೆ ಸಾಕು ಕಣೇ, ಕಾರು ತಾನಾಗೇ ಎದ್ದು ಬರುತ್ತೆ" ಎಂದರು.

"ನೀವು ಮೊಪೆಡ್ಡನ್ನು ನಮ್ಮ ಗೇಟಿಗೇ ಗುದ್ದಿದವರು."

"ಗೇಟು ಮುಚ್ಚಿತ್ತು."

"ಮುಚ್ಚುವುದಕ್ಕೇ ಗೇಟು ಇರುವುದು."

ನಮ್ಮ ಹೆದ್ದಾರಿಯನ್ನು ನೋಡಿದವರಿಗೆ ನನ್ನ ಕಷ್ಟ ಅರ್ಥವಾದೀತು. ಆ ಲಾರಿಗಳ ನಡುವೆ ಈ ಮನುಷ್ಯ ಫಿಯೆಟ್ ನುಗ್ಗಿಸಿದರೆ ನಾನು ವಿಧವೆಯಾಗುವುದು ಸಂಭವನೀಯತೆಯ ಪ್ರಶ್ನೆಯಲ್ಲ, ಯಾವ ವಾರ ಎಂಬ ಪ್ರಶ್ನೆ. ನಾನು ಭಾವುಕಳಲ್ಲ. ಆದರೂ ಮನೆಯಲ್ಲಿ ಜಗಳಕ್ಕೆ ಒಬ್ಬರು ಬೇಕಲ್ಲ.

ಕಾಲೇಜು ಓದಲೆಂದು ನಮ್ಮ ಜೊತೆಯಲ್ಲೇ ಇದ್ದ ಮೊಮ್ಮಗಳು ಸಿಂಧು ಈ ವ್ಯಾಜ್ಯಕ್ಕೆ ನ್ಯಾಯಾಧೀಶೆಯಾದಳು. ಕಂಪ್ಯೂಟರಿನಲ್ಲಿ ಅವಳದೊಂದು ಕಾರ್ ರೇಸ್ ಆಟವಿತ್ತು. "ಇಬ್ಬರೂ ರೇಸ್ ಮಾಡಿ. ಅಜ್ಜಿ ಗೆದ್ದರೆ ಫಿಯೆಟ್ ಮಾತು ಅಲ್ಲಿಗೆ ಮುಗೀತು. ತಾತ ಗೆದ್ದರೆ ಫಿಯೆಟ್ ಮನೆಗೆ ಬರುತ್ತೆ. ರೇಸು ಆಯುಧಪೂಜೆ ದಿನ, ಅವತ್ತು ನನಗೂ ರಜ."

ಪರದೆ ಅಡ್ಡಡ್ಡ ಸೀಳಿ, ಮೇಲಿನ ಅರ್ಧ ಒಬ್ಬರಿಗೆ, ಕೆಳಗಿನ ಅರ್ಧ ಇನ್ನೊಬ್ಬರಿಗೆ ಎಂದಳು.

"ಮೇಲಿನದು ನನಗೆ" ಎಂದೆ. "ವಿದ್ಯಾರ್ಹತೆಯ ಪ್ರಕಾರ."

"ಪರವಾಯಿಲ್ಲೆ" ಎಂದರು ಯಜಮಾನರು, ಕೃಷ್ಣಗಿರಿಯ ತಮಿಳಿನಲ್ಲಿ. "ಮದುವೆಯಾದಾಗಿನಿಂದ ನಾನು ಕೆಳಗಿನ ಅರ್ಧದಲ್ಲೇ ಇರೋದು."

ಇಬ್ಬರಿಗೂ ಒಂದೇ ಕಾರು. ಎಪ್ಪತ್ತರ ದಶಕದ ಜಪಾನಿನ ಡಾಟ್ಸನ್, ಉದ್ದ ಮೂಗು, ಎರಡೇ ಬಾಗಿಲು. ಯಜಮಾನರು ತಮ್ಮ ಕಾರನ್ನು ಮುಟ್ಟಲೂ ಇಲ್ಲ. "ಮಾಡಿದ ಕಂಪನಿಯವರಿಗೆ ಬುದ್ಧಿ ಇರಲ್ವಾ?" ಎಂದು ಪೇಪರು ಬಿಡಿಸಿ ಕೂತರು. ನಾನು ಗ್ಯಾರೇಜು ಹೊಕ್ಕೆ. ಎಂಜಿನ್ ಬದಲಿಸಿದೆ, ಟಯರು ಅಗಲ ಮಾಡಿದೆ, ಗುರುತ್ವಕೇಂದ್ರವನ್ನು ನೆಲಕ್ಕೆ ತಂದೆ. ತೂಕ ಇಳಿಸಲು ಪಕ್ಕದ ಸೀಟನ್ನೂ ಕಿತ್ತೆಸೆದೆ.

ಪೇಪರಿನ ಹಿಂದಿನಿಂದ ಪ್ರಶ್ನೆ ಬಂತು. "ಹಾಗಾದರೆ ನಾನೆಲ್ಲಿ ಕೂರಲಿ?"

"ನೀವು ಎದುರಾಳಿ."

"ರೇಸು ಮುಗಿದ ಮೇಲೆ ಮನೆಗೆ ಬರಬೇಕಲ್ಲ."

ಒಂದು ಗುಂಡಿ ಒತ್ತಿದರೆ ಕಾರು ಬಾಣದಂತೆ ಚಿಮ್ಮಲಿ ಎಂದು ನೈಟ್ರಸ್ ತುಂಬಿಸಿದೆ. ಹ್ಯಾಂಡ್ ಬ್ರೇಕ್ ಕೆಲಸಕ್ಕೆ ಸ್ಪೇಸ್ ಬಾರ್ ಒತ್ತಬೇಕೆಂದು ಸಿಂಧು ವಿವರಿಸತೊಡಗಿದಾಗ ತಡೆದೆ. "ಹ್ಯಾಂಡ್ ಬ್ರೇಕ್ ಲೆಕ್ಕ ತಪ್ಪುವವರಿಗೆ. ನನಗೆ ಅದರ ಪರಿಚಯ ಬೇಡ."

ಅಷ್ಟರಲ್ಲಿ ಅಂಜಮ್ಮ ಬಂದಳು. ಉದ್ದನಪಲ್ಲಿಯಿಂದ ಬಸ್ಸಿನಲ್ಲಿ ಬಂದು ನಮ್ಮ ಮನೆಯ ಕಸ ಮುಸುರೆ ನೋಡುವವಳು. ಅವಳಿಲ್ಲದೆ ನಮ್ಮ ಮನೆಯಲ್ಲಿ ಸೂರ್ಯೋದಯವಿಲ್ಲ. ಪೊರಕೆ ಹಿಡಿದು ಪರದೆಯ ಮುಂದೆ ನಿಂತಳು.

"ಒಸ ಕಾರಾ ಅಮ್ಮ? ಇಂಗ್ ಬೋಳಾಗಿ ಬುಟ್ಟಿದ್ದೀರಲ್ಲ. ದಿಷ್ಟಿ ಆಗಾಕಿಲ್ವಾ?"

"ಇದು ನಿಜವಾದ ಕಾರಲ್ಲ ಅಂಜಮ್ಮ."

"ಕಣ್ಣಿಗೆ ಕಾಣ್ತದಲ್ಲ. ಕಾಣೋದಕ್ಕೆಲ್ಲ ದಿಷ್ಟಿ ಆಯ್ತದೆ."

ದೃಷ್ಟಿ ಎಂಬುದು ಬರಿಯ ಬೆಳಕಿನ ವ್ಯವಹಾರ ಎಂದು ನಾನು ವಿವರಿಸಿದೆ. ಅವಳು ಶ್ರದ್ಧೆಯಿಂದ ಕೇಳಿ, "ಅಂಗಾದ್ರೆ ದಿಷ್ಟಿ ಬೊಂಬೆ ಎಲ್ಲಿ ಕಟ್ಟಾಣ?" ಎಂದಳು. ವಾದದಲ್ಲಿ ಕಾಲ ಕಳೆಯುವುದು ಬೇಡವೆಂದು, ಆಟದಲ್ಲೇ ಇದ್ದ ಸ್ಟಿಕ್ಕರುಗಳಿಂದ ಒಂದು ತಲೆಬುರುಡೆ ತೆಗೆದು ಬಾಗಿಲಿಗೆ ಅಂಟಿಸಿದೆ. ಅಂಜಮ್ಮ ಸಂತುಷ್ಟಳಾದಳು. ಇದು ನನ್ನ ಮೊದಲ ಪತನ.

ಮರುದಿನ ಅವಳ ಕಣ್ಣು ಚೀನೀ ಡ್ರ್ಯಾಗನ್ನಿನ ಮೇಲೆ ಬಿತ್ತು. "ನಾಗಪ್ಪ ಅವ್ನೆ. ಮುಂದ್ಗಡೆ ಆಕಿ." ಅದಕ್ಕೆ ಕಾಲುಗಳಿವೆ ಎಂದೆ. "ಜಪಾನಾಗೆ ಅಂಗಿರ್ತಾನೋ ಏನೋ" ಎಂದಳು. ಡ್ರ್ಯಾಗನ್ ಬಾನೆಟ್ಟಿಗೆ ಏರಿತು. ನಾಗಪ್ಪನ ಮುಂದೆ ದೀಪ ಬೇಡವೇ? ಕಾರಿನ ಹೊಟ್ಟೆಯ ಕೆಳಗೆ ಹಸಿರು ನಿಯಾನ್ ಹಾಕಿದ್ದಾಯಿತು. ಇಷ್ಟಾದ ಮೇಲೆ ಸ್ನಾನವಿಲ್ಲದೆ ಕೀಬೋರ್ಡ್ ಮುಟ್ಟಕೂಡದೆಂಬ ಆಜ್ಞೆ ಹೊರಟಿತು. ಸಿಂಧು ಆ ಕಂಪ್ಯೂಟರಿನ ಮುಂದೆ ಮೊಟ್ಟೆ ಪಫ್ ತಿಂದದ್ದಕ್ಕೆ ಅಂಜಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. ಎದುರುಮನೆಯ ಹೆಂಗಸು ಅರಿಸಿನ ಕುಂಕುಮದೊಂದಿಗೆ ಬಂದು, "ಇದೇನಾ ಜಪಾನ್ ನಾಗಪ್ಪ?" ಎಂದು ಕೈಮುಗಿದಳು. ಜೀವನವಿಡೀ ಮೂಢನಂಬಿಕೆಯ ವಿರುದ್ಧ ಭಾಷಣ ಮಾಡಿದ ನಾನು ಗಂಟೆಗೆ ಇನ್ನೂರು ಕಿಲೋಮೀಟರ್ ಓಡುವ ದೇವಸ್ಥಾನ ಕಟ್ಟಿ ಕೂತಿದ್ದೆ!

ಆದರೆ ಕಾರು ಓಡುತ್ತಿತ್ತು. ಅಭ್ಯಾಸದಲ್ಲಿ ಸಿಂಧುವನ್ನೇ ಹಿಂದಿಕ್ಕಿದೆ. ಫಿಯೆಟ್ಟಿನ ಕೋಳಿಗಳಿಗೆ ಇನ್ನು ಭಯವಿಲ್ಲ ಎಂದು ಮನಸ್ಸಿನಲ್ಲೇ ಅಭಯ ನೀಡಿದೆ.

ಆಯುಧಪೂಜೆ ಬಂತು. ಹೊಸೂರಿನಲ್ಲಿ ಆ ದಿನ ಹಣೆಗೆ ಬೊಟ್ಟಿಲ್ಲದ ಯಂತ್ರವಿರುವುದಿಲ್ಲ. ಕಾರ್ಖಾನೆಯ ಲೇತಿನಿಂದ ಹಿಡಿದು ಟೈಲರನ ಹೊಲಿಗೆ ಯಂತ್ರದವರೆಗೆ ಎಲ್ಲಕ್ಕೂ ಗಂಧ, ಕುಂಕುಮ, ಹೂವು. ನಾನು ಸ್ನಾನ ಮುಗಿಸಿ, ಯುದ್ಧಕ್ಕೆ ಸನ್ನದ್ಧಳಾಗಿ ಬಂದು ನೋಡುತ್ತೇನೆ: ಅಂಜಮ್ಮ ಮಿಕ್ಸಿ, ಫ್ರಿಜ್ಜು, ಮೊಪೆಡ್ಡು ಎಲ್ಲ ಮುಗಿಸಿ ಕಂಪ್ಯೂಟರಿಗೂ ಪೂಜೆ ಮಾಡಿದ್ದಾಳೆ. ಗಾಜಿನ ಹಣೆಗೆ, ಅಂದರೆ ಪರದೆಯ ಮೇಲಿನ ಅರ್ಧಕ್ಕೆ, ಅಂಗೈ ಅಗಲ ಗಂಧ ಬಳಿದು ನಡುವೆ ರೊಟ್ಟಿಯಂಥ ಕುಂಕುಮ ಮೆತ್ತಿದ್ದಾಳೆ.

ಒದ್ದೆ ಬಟ್ಟೆ ಹಿಡಿದೆ. ಅಂಜಮ್ಮ ಅಡ್ಡ ನಿಂತಳು.

"ನಾಳೆಗಂಟ ಒರೆಸ್ಬಾರ್ದು. ಒರೆಸಿದ್ರೋ, ನಾ ನಾಳೆಯಿಂದ ಬರಾಕಿಲ್ಲ."

ಮುಂದೆ ವಿಜಯದಶಮಿ, ಮನೆ ತುಂಬ ನೆಂಟರು, ಹಿತ್ತಿಲಿನಲ್ಲಿ ಪಾತ್ರೆಗಳ ಪರ್ವತ. ನನ್ನ ಡಾಕ್ಟರೇಟು ಪಾತ್ರೆ ತಿಕ್ಕುವುದಿಲ್ಲ. ಬಟ್ಟೆ ಕೆಳಗಿಟ್ಟೆ.

"ಅರ್ಧ ಬದಲಾಯಿಸಿಕೊಳ್ಳೋಣ" ಎಂದೆ ಯಜಮಾನರಿಗೆ.

"ಛೆ ಛೆ. ನಾನು ಬರೀ ಹೈಸ್ಕೂಲು."

ರೇಸು ಶುರುವಾಯಿತು. ಕುಂಕುಮದ ಹಿಂದೆ ರಸ್ತೆ ಇತ್ತು ಎಂದು ನನ್ನ ನಂಬಿಕೆ. ನಂಬಿಕೆಯ ಮೇಲೆಯೇ ಓಡಿಸಿದೆ. ತಿರುವಿನಲ್ಲಿ ನೈಟ್ರಸ್ ಒತ್ತಿದೆ. ಜಪಾನ್ ನಾಗಪ್ಪ ನೇರವಾಗಿ ಒಂದು ಪೆಟ್ರೋಲ್ ಬಂಕ್ ಹೊಕ್ಕು, ಗೋಡೆಗೆ ಮೂಗು ಉಜ್ಜುತ್ತ ನಿಂತ. ಕೆಳಗಿನ ಅರ್ಧದಲ್ಲಿ ಯಜಮಾನರ ಬೋಳು ಡಾಟ್ಸನ್, ಪಿಂಚಣಿ ತರಲು ಹೊರಟ ಗತಿಯಲ್ಲಿ, ಎಡಬದಿಯಲ್ಲೇ ಸಾಗಿ ಗೆರೆ ದಾಟಿತು.

ಮಾತು ಎಂದರೆ ಮಾತು. ಫಿಯೆಟ್ ಬರಲಿ ಎಂದೆ. "ಆದರೆ ಹೆದ್ದಾರಿಗೆ ಹೋಗುವ ಮೊದಲು ನಿಮ್ಮ ವಿಮೆಯ ಕಾಗದ ಎಲ್ಲಿದೆ ತೋರಿಸಿ."

ಯಜಮಾನರು ಕನ್ನಡಕ ಒರೆಸಿದರು. "ನಾನು ಓಡಿಸ್ತೀನಿ ಅಂತ ಯಾವಾಗ ಹೇಳಿದೆ? ನನಗೆ ಗೇಟೇ ಕಾಣಲ್ಲ. ನೀನು ಓಡಿಸು, ಪಕ್ಕದಲ್ಲಿ ಕೂತು ನಾನು ಸೂಳಗಿರಿ ನೋಡ್ತೀನಿ. ಸೀಟು ಮಾತ್ರ ಕೀಳಬೇಡ."

ಇಷ್ಟು ದಿನ ನಾನು ಕಿತ್ತಾಡಿದ್ದು ಅವರ ಪ್ರಾಣಕ್ಕಾಗಿ. ಅವರು ಮೊದಲಿನಿಂದಲೂ ಅದನ್ನು ನನ್ನ ಕೈಗೇ ಕೊಡಲು ಹೊರಟಿದ್ದರು! ಡ್ರೈವಿಂಗ್ ಶಾಲೆಗೆ ಸೇರಿದೆ. ಅಲ್ಲಿಯ ಮೇಷ್ಟ್ರು ಪಕ್ಕದಲ್ಲಿ ಕೂತು ಅರ್ಧ ಕೆಲಸ ತಾವೇ ಮಾಡಿ ಲೈಸೆನ್ಸ್ ಕೊಡಿಸಿದರು.

ಕೋಳಿಗಳನ್ನು ಖಾಲಿ ಮಾಡಿಸಿಕೊಂಡ ಫಿಯೆಟ್, ತೊಳೆದು, ಹಾರ ಹಾಕಿ, ಮನೆಯ ಮುಂದೆ ನಿಂತಿತು. ಬೀದಿಯೆಲ್ಲ ನೆರೆದಿತ್ತು. ಅಂಜಮ್ಮ ಮುಂದಿನ ಚಕ್ರಗಳಿಗೆ ನಿಂಬೆಹಣ್ಣು ಇಟ್ಟಳು. "ಬರಿಯ ನಿಂಬೆಹಣ್ಣು ಅಂಜಮ್ಮ, ಪಾನಕಕ್ಕಾದರೂ ಆಗುತ್ತಿತ್ತು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಸ್ಟಾರ್ಟ್ ಮಾಡಿ, ಗೇರು ಹಾಕಿದೆ. ಕಾರು ಹೂಂಕರಿಸಿತು, ನಡುಗಿತು, ಅಲ್ಲೇ ನಿಂತಿತು. ಇನ್ನಷ್ಟು ಒತ್ತಿದೆ. ಕೂದಲೆಳೆಯಷ್ಟೂ ಕದಲಲಿಲ್ಲ. ನಿಂಬೆಹಣ್ಣುಗಳು ಇಟ್ಟಲ್ಲೇ ದುಂಡಗೆ ಹೊಳೆಯುತ್ತಿದ್ದವು.

"ನೋಡುದ್ರಾ ಅಮ್ಮ" ಎಂದಳು ಅಂಜಮ್ಮ, ತಗ್ಗಿದ ದನಿಯಲ್ಲಿ. "ನಿಂಬೆಹಣ್ಗೆ ಎಷ್ಟು ಸಕ್ತಿ ಐತೆ."

ಬೀದಿ ಕೈಮುಗಿಯಿತು. ಆಗ ನನ್ನ ಎಡಗೈ ಪಕ್ಕಕ್ಕೆ ತಾಗಿ, ಪೂರ್ತಿ ಮೇಲಕ್ಕೆಳೆದಿದ್ದ ಹ್ಯಾಂಡ್ ಬ್ರೇಕ್ ಸಿಕ್ಕಿತು. ಪಕ್ಕದ ಸೀಟಿನಲ್ಲಿ ಯಜಮಾನರು ಹ್ಯಾಂಡ್ ಬ್ರೇಕನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಬಾಯಿ ತೆರೆಯುವುದರಲ್ಲಿದ್ದರು.

"ಹೌದು ಅಂಜಮ್ಮ" ಎಂದು ನಾನೇ ಗಟ್ಟಿಯಾಗಿ ಹೇಳಿದೆ. "ನಿಂಬೆಹಣ್ಣಿನಲ್ಲಿ ಶಕ್ತಿ ಇದೆ."