ಬಾಳೆಬುಡಕ್ಕೆ ಹೋಗದ ಪಾಯಸ

ಊರಿನ ನೋಡುವಂಥ ಜಾಗಗಳನ್ನು ಊರಿನವರು ನೋಡಬಾರದು ಎಂದು ಎಲ್ಲೂ ಬರೆದಿಲ್ಲ. ಆದರೂ ನಾನು ಅದನ್ನು ವ್ರತದ ಹಾಗೆ ಪಾಲಿಸಿಕೊಂಡು ಬಂದಿದ್ದೇನೆ. ಮಾದಾಪುರದ ನಮ್ಮ ಮನೆಯಿಂದ ಬೆಳಿಗ್ಗೆ ಜೀಪು ಹತ್ತಿದರೆ ಮಲ್ಲಳ್ಳಿ ಜಲಪಾತ ನೋಡಿಕೊಂಡು ಮಧ್ಯಾಹ್ನದ ಊಟಕ್ಕೆ ವಾಪಸ್ಸು ಬರಬಹುದು. ನಾನು ಹೋಗಿಲ್ಲ. ಇಲ್ಲೇ ಇದೆಯಲ್ಲ, ಎಲ್ಲಿಗೆ ಓಡಿಹೋಗುತ್ತದೆ ಎಂಬ ಧೈರ್ಯ. ತಲಕಾವೇರಿಯ ತೀರ್ಥೋದ್ಭವಕ್ಕೆ ಎಲ್ಲೆಲ್ಲಿಂದಲೋ ಜನ ಬಂದು ಚಳಿಯಲ್ಲಿ ಕಾಯುತ್ತಾರೆ. ನಾನು ಮಾತ್ರ ಯಾರೋ ಪುಣ್ಯಾತ್ಮರು ಬಾಟಲಿಯಲ್ಲಿ ತಂದುಕೊಟ್ಟ ತೀರ್ಥವನ್ನು ಅಡುಗೆಮನೆಯಲ್ಲೇ ಒಂದು ಚಮಚ ಕುಡಿದು ಕೈಮುಗಿಯುತ್ತೇನೆ.

ಇಂಥ ನಾನು, ಹೆಂಡತಿ ದಮಯಂತಿ ನಡೆಸುವ ಹೋಂಸ್ಟೇಯಲ್ಲಿ ಸ್ಥಳಪರಿಚಯದ ಅಧಿಕಾರಿ. ಬೆಳಗಿನ ತಿಂಡಿಗೆ ಅಕ್ಕಿತರಿಯ ಕಡಂಬುಟ್ಟು ಬಡಿಸುವ ಹೊತ್ತಿಗೆ ಊಟದ ಮೇಜಿನ ತುದಿಗೆ ಒಂದು ಬೆತ್ತದ ಕುರ್ಚಿ ಹಾಕಿಕೊಂಡು ಅತಿಥಿಗಳಿಗೆ ಕೋಟೆ, ಅರಮನೆ, ಬೆಟ್ಟ, ಹಬ್ಬ ಎಲ್ಲವನ್ನೂ ವರ್ಣಿಸುತ್ತೇನೆ. ಇಡೀ ದಿನದಲ್ಲಿ ನನ್ನ ಮಾತನ್ನು ಜನ ಬಾಯಿಬಿಟ್ಟು ಕೇಳುವುದು ಆ ಅರ್ಧ ಗಂಟೆ ಮಾತ್ರ. ಆ ಕುರ್ಚಿ ಹೋದರೆ ನಾನು ಬರೀ ಗಂಡ.

ಕಳೆದ ಮಳೆಗಾಲದಲ್ಲಿ ಧಾರವಾಡದಿಂದ ಪಾಟೀಲ ಮೇಷ್ಟ್ರು, ಅವರ ಹೆಂಡತಿ ಬಂದರು. ನಿವೃತ್ತರಾದರೂ ಉತ್ತರಪತ್ರಿಕೆ ತಿದ್ದುವ ಕಣ್ಣು ನಿವೃತ್ತವಾಗಿರಲಿಲ್ಲ. ಮನೆ ಹಿಡಿಸಿದರೆ ಹುತ್ತರಿ ಹಬ್ಬಕ್ಕೆ ಸ್ನೇಹಿತರನ್ನೆಲ್ಲ ಕರೆತರುತ್ತೇವೆ ಎಂದಿದ್ದರು. ಮೊದಲ ದಿನವೇ ನಾನು ಮಡಿಕೇರಿ ಕೋಟೆಯ ಕಲ್ಲಾನೆಯನ್ನು, ಅದರ ಸೊಂಡಿಲಿನ ಗತ್ತಿನ ಸಮೇತ ವರ್ಣಿಸಿ ಕಳಿಸಿದೆ. ಸಂಜೆ ಬಂದವರೇ ಮೇಷ್ಟ್ರು, "ಸರ, ಎರಡು ಆನಿ ಅದಾವಲ್ಲರೀ?" ಎಂದರು.

"ನಾನು ಶಾಲೆಯಿಂದ ಹೋದಾಗ ಮಂಜಿತ್ತು," ಎಂದೆ. ಮಂಜು ನಮ್ಮ ಕೊಡಗಿನವರ ದೊಡ್ಡ ಉಪಕಾರಿ. ಯಾವ ಬೆಟ್ಟದ ಬಗ್ಗೆ ಏನು ಬೇಕಾದರೂ ಹೇಳಬಹುದು. ಕಾಣದಿದ್ದರೆ ತಪ್ಪು ಮಂಜಿನದು.

ದಮಯಂತಿ ಮಾತ್ರ ಮಂಜನ್ನು ಒಪ್ಪಲಿಲ್ಲ. "ಇನ್ನೊಂದು ಸಲ ಮರ್ಯಾದೆ ತೆಗೆದ್ರೆ ಆ ಕುರ್ಚಿ ಅಟ್ಟಕ್ಕೆ ಹೋಗ್ತದೆ, ನೀವು ಕೋಳಿಗೂಡು ನೋಡ್ಕೊಳ್ಳಿ. ನೋಡದ್ದು, ಮಾಡದ್ದು ಎಂಥದ್ದನ್ನೂ ಹೇಳ್ಬೇಡಿ," ಎಂದಳು. ಆಗಲಿ ಎಂದೆ. ಆಗ ನನಗೆ ಮಾರನೆಯ ದಿನ ಆಟಿ ಹದಿನೆಂಟು ಎಂಬುದು ನೆನಪಿರಲಿಲ್ಲ.

ಆಟಿ ತಿಂಗಳ ಹದಿನೆಂಟಕ್ಕೆ ನಮ್ಮಲ್ಲಿ ಮದ್ದುಸೊಪ್ಪನ್ನು ಬೇಯಿಸಿ, ಆ ನೇರಳೆ ರಸದಲ್ಲಿ ಪಾಯಸ ಮಾಡುತ್ತಾರೆ. ವರ್ಷವಿಡೀ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ. ನನಗೋ ಅದರ ವಾಸನೆ ಆಗುವುದಿಲ್ಲ. ಪ್ರತಿವರ್ಷ ನನ್ನ ಪಾಲನ್ನು ಹೆಂಡತಿಗೆ ಕಾಣದಂತೆ ಹಿತ್ತಿಲ ಬಾಳೆಬುಡಕ್ಕೆ ಸುರಿಯುತ್ತೇನೆ. ಆ ಬಾಳೆಗೆ ಈವರೆಗೆ ಒಂದು ರೋಗವೂ ಬಂದಿಲ್ಲ.

ಮಾರನೆಯ ರಾತ್ರಿ ಊಟಕ್ಕೆ ಆ ಪಾಯಸ ಬಂದಾಗ ಮೇಷ್ಟ್ರು ಕುತೂಹಲದಿಂದ ಕೇಳಿದರು. ಬಾಯಿ ಸುಮ್ಮನಿರಬೇಕಲ್ಲ! "ತಿನ್ನಿ, ಹೆದರಬೇಡಿ. ನಾಳೆ ಬೆಳಿಗ್ಗೆ ಮೂತ್ರದ ಬಣ್ಣ ಕೆಂಪಗಾಗ್ತದೆ. ಮದ್ದು ಹಿಡಿಯಿತು ಅಂತ ಅರ್ಥ. ನನಗೆ ಪ್ರತಿವರ್ಷ ಆಗ್ತದೆ," ಎಂದೆ.

"ಹಂಗಾರ ನೀವೂ ತಗೋರಿ," ಎಂದು ಮೇಷ್ಟ್ರ ಹೆಂಡತಿ ತಾವೇ ನನ್ನ ಬಟ್ಟಲು ತುಂಬಿಸಿದರು. ಹೊರಗೆ ಜಡಿಮಳೆ, ಬಾಳೆ ದೂರ, ಎದುರಿಗೆ ಮೇಷ್ಟ್ರ ಕಣ್ಣು. ಉಸಿರು ಬಿಗಿಹಿಡಿದು ನುಂಗಿದೆ. ಸಾಲದ್ದಕ್ಕೆ ಇನ್ನೊಂದು ಸೌಟು ಬಿತ್ತು.

ಬೆಳಿಗ್ಗೆ ಬಚ್ಚಲಿನಲ್ಲಿ ನನ್ನ ಜೀವ ಹಾರಿಹೋಯಿತು. ಅತಿಥಿಗಳಿಗೆ ಹೇಳಿದ ಮಾತನ್ನು ನಾನೇ ನಂಬುವ ಅಭ್ಯಾಸ ನನಗಿಲ್ಲ. ಹಿಂದಿನ ರಾತ್ರಿಯ ಮಾತು ತಲೆಗೆ ಹೊಳೆಯಲೇ ಇಲ್ಲ. ಮುಗಿಯಿತು, ಮೂತ್ರಪಿಂಡ ಎರಡೂ ಹೋದವು ಎಂದುಕೊಂಡೆ. ಪಂಚೆ ಹಿಡಿದುಕೊಂಡು ಓಡಿಬಂದು, "ದಮಯಂತೀ, ಜೀಪ್ ತೆಗೆಸು, ಮಡಿಕೇರಿ ಆಸ್ಪತ್ರೆಗೆ ಹೋಗ್ಬೇಕು, ರಕ್ತ ಹೋಗ್ತಾ ಉಂಟು," ಎಂದು ಊಟದ ಮೇಜಿನ ಹತ್ತಿರವೇ ಕುಸಿದೆ. ಸತ್ಯ ಹೇಳುತ್ತೇನೆ, ಆಗ ನನಗೆ ಅಳು ಬಂದಿತ್ತು.

"ಎಂಥ ಆತ್?" ಎಂದು ದಮಯಂತಿ ಸೌಟು ಹಿಡಿದೇ ಬಂದಳು.

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು ಬೆನ್ನು ಸವರಿದರು. "ಗಾಬರಿ ಆಗಬ್ಯಾಡ್ರಿ ಸರ. ನಮಗಿಬ್ಬರಿಗೂ ಹಂಗ ಆಗೇತಿ. ಮದ್ದು ಹಿಡದೈತಿ. ನಿನ್ನೆ ನೀವ ಹೇಳಿದ್ರಲ್ಲರೀ?"

ದಮಯಂತಿ ನನ್ನನ್ನು ನೋಡಿದಳು. ಕಿಟಕಿಯಾಚೆ ಪುಷ್ಟವಾಗಿ ನಿಂತಿದ್ದ ಬಾಳೆಯನ್ನು ನೋಡಿದಳು. "ಪ್ರತಿವರ್ಷ ಆಗ್ತದೆ ಅಂದಿದ್ರಿ?" ಎಂದಳು. ಅಷ್ಟೇ. ಸಂಜೆಯೊಳಗೆ ಬೆತ್ತದ ಕುರ್ಚಿ ಅಟ್ಟ ಸೇರಿತು.

ಹುತ್ತರಿಗೆ ಮೇಷ್ಟ್ರು ಮಾತು ಉಳಿಸಿಕೊಂಡರು. ಸ್ನೇಹಿತರ ದಂಡೇ ಬಂತು. ದಮಯಂತಿ ಕುರ್ಚಿ ಇಳಿಸಿ, ಒರೆಸಿ, ಮೇಷ್ಟ್ರಿಗೆ ಹಾಕಿಕೊಟ್ಟಳು. ಕೋಟೆ, ಜಲಪಾತ, ಕದಿರು ತೆಗೆಯುವ ಶಾಸ್ತ್ರ, ಎಲ್ಲವನ್ನೂ ಅವರು ಒಂದೂ ತಪ್ಪಿಲ್ಲದೆ ಹೇಳುತ್ತಿದ್ದುದು ಕೋಳಿಗೂಡಿನಲ್ಲಿದ್ದ ನನಗೆ ಕೇಳುತ್ತಿತ್ತು. ಹೊಟ್ಟೆ ಉರಿಯಿತು. ಕೊನೆಯ ದಿನ ಅವರು ದಂಡನ್ನೆಲ್ಲ ಹಿತ್ತಿಲಿಗೆ ಕರೆತಂದು, ಕೋಳಿ ಹಿಡಿದು ನಿಂತಿದ್ದ ನನ್ನತ್ತ ಕೈ ತೋರಿಸಿದರು.

"ಕೋಟ್ಯಾಗ ಒಂದು ಆನಿ ಐತಿ ಅಂತ ಹೇಳಿದವ್ರು ಇವ್ರ. ನೋಡಿದ್ರ ಎರಡು ಇದ್ದುವು. ಮೂರನೇದು ಇಲ್ಲಿ ಐತಿ, ನೋಡ್ಕೊಳ್ರಿ."

ಎಲ್ಲರೂ ನಕ್ಕು ಮೊಬೈಲು ಎತ್ತಿದರು. ದಮಯಂತಿಯೂ ಎತ್ತಿದಳು. ನಾನು ಕಲ್ಲಿನ ಹಾಗೆ ನಿಂತು ಸುತ್ತಲೂ ನೋಡಿದೆ. ಹಾಳಾದ್ದು, ಅಂದು ಎಲ್ಲೂ ಒಂದಿಷ್ಟು ಮಂಜಿರಲಿಲ್ಲ.