ಸಡಿಲ ಪ್ಯಾಂಟಿನ ಇಂಗ್ಲಿಷು

ಅಫೆಕ್ಟ್ ಯಾವುದು, ಎಫೆಕ್ಟ್ ಯಾವುದು? ಚಳ್ಳಕೆರೆಯ ಪಾಲಾಕ್ಷನ ನಿದ್ದೆ ಕೆಡಿಸಿದ್ದು ಇದೇ. ಮೊಳಕಾಲ್ಮೂರಿನ ರೇಷ್ಮೆ ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಇವತ್ತು ಸಂದರ್ಶನ, ಇಂಗ್ಲಿಷ್ ಕೇಳುತ್ತಾರಂತೆ. ಇದೂ ತಪ್ಪಿದರೆ ಮಾವ ದಾಸಣ್ಣನ ಇಟ್ಟಿಗೆ ಭಟ್ಟಿಯಲ್ಲಿ ಬೈಗುಳ ತಿಂದುಕೊಂಡು ದುಡಿಯಬೇಕು, ಪಾಪ.

ಅದಕ್ಕೇ ತಲೆ ಕೆಡಿಸುವ ಜೋಡಿ ಪದಗಳನ್ನೆಲ್ಲ ತನ್ನ ಬೀದಿಗೇ ಕಟ್ಟಿಹಾಕಿಕೊಂಡಿದ್ದ. ಮಾವ ಬೈಯುವುದು ಅಫೆಕ್ಟ್, ತಾನು ಅಳುವುದು ಎಫೆಕ್ಟ್. ಪ್ಯಾಂಟು ಸಡಿಲವಾದರೆ ಲೂಸ್, ಕಳೆದೇ ಹೋದರೆ ಲೂಜ್. ಕೊಡುವುದು ಲೆಂಡ್, ಪಕ್ಕದ ಮನೆ ಮೂಗಮ್ಮ ಈಸಿಕೊಳ್ಳುವುದು ಬಾರೋ. ಇದನ್ನು ಅಂಗಳದಲ್ಲಿ ನಿಂತು ಗಟ್ಟಿಯಾಗಿ ಉರು ಹೊಡೆದದ್ದೇ ತಪ್ಪಾಯಿತು.

"ಏನ್ಲಾ, ಒಂದ್ ಲೋಟ ಸಕ್ರೆ ಈಸ್ಕಂಡಿದ್ಕೆ ಊರಿಗೆಲ್ಲ ಸಾರ್ತೀಯಾ? ತಗಾ ನಿನ್ ಸಕ್ರೆ!" ಮೂಗಮ್ಮ ಲೋಟವನ್ನು ಅವನ ಇಸ್ತ್ರಿ ಅಂಗಿಯ ಮೇಲೇ ಸುರಿದಳು.

"ಪೋಯಿ ರಾ ನಾಯನಾ," ಹೋಗಿ ಬಾ ಮಗನೇ ಎಂದು ಅವ್ವ ಯರ್ರಮ್ಮ ಮನೆಮಾತು ತೆಲುಗಿನಲ್ಲಿ ಹರಸಿದಳು.

"ಅವ್ವಾ, ಇವತ್ತೊಂದಿನ ತೆಲುಗು ಬ್ಯಾಡ! ನನ್ ಇಂಗ್ಲಿಷ್ ಕೆಡ್ತೈತೆ!"

ಬಸ್ಸಿನ ಸೆಕೆಗೆ ಸಕ್ಕರೆ ಪಾಕವಾಯಿತು. ಮೊಳಕಾಲ್ಮೂರಿನಲ್ಲಿ ಇಳಿಯುವಾಗ ಬೆನ್ನಿಗೆ ಅಂಗಿ ಅಂಟಿತ್ತು, ಅಂಗಿಗೆ ನೊಣ. ಆದರೂ ಮಾಲೀಕ ಮಹಾಂತೇಶ್ ಕೇಳಿದ್ದಕ್ಕೆಲ್ಲ ಪಾಲಾಕ್ಷ ಪಟಪಟನೆ ಉತ್ತರ ಕೊಟ್ಟ. ಪ್ಯಾಂಟಿನ ವಿವರಣೆಗಂತೂ ಮಾಲೀಕ ಹೊಟ್ಟೆ ಹಿಡಿದು ನಕ್ಕ.

"ಭೇಷ್! ಇನ್ನು ತೆಲುಗು ಬರ್ತೈತಾ?"

ಇಷ್ಟು ಚೆಂದದ ಇಂಗ್ಲಿಷಿನ ಪಕ್ಕ ಮನೆಮಾತನ್ನು ಕೂರಿಸಲು ಪಾಲಾಕ್ಷನಿಗೆ ನಾಚಿಕೆಯಾಯಿತು. "ಛೇ ಛೇ, ಒಂದಕ್ಷರಾನೂ ಬರಲ್ಲ ಸಾರ್."

ಮಾಲೀಕನ ಮುಖ ಬಾಡಿತು. "ಅಯ್ಯೋ, ನಮ್ ಗಿರಾಕಿಗಳೆಲ್ಲ ಆಂಧ್ರದ ರಾಯದುರ್ಗದ ಕಡೆಯೋರು ಕಣಪ್ಪ. ವರ್ಷಕ್ಕೊಬ್ರು ಇಂಗ್ಲಿಷ್‌ನೋರು ಬಂದ್ರೆ ಹೆಚ್ಚು."

 ಪಾಲಾಕ್ಷ ಎದ್ದು ನಿಂತವನೇ, ಮನೆಯಲ್ಲಿ ಆಡುವುದು ತೆಲುಗೇ, ಅವ್ವ ಜೋಗುಳ ಹಾಡಿದ್ದೂ ತೆಲುಗಿನಲ್ಲೇ ಎಂದು ಅಚ್ಚ ತೆಲುಗಿನಲ್ಲಿ ಗೋಗರೆದ. ಅಂಗಡಿಯವರೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದರು.

"ಎಂಥಾ ತೆಲುಗಪ್ಪಾ ನಿಂದು, ಜೇನು!" ಎಂದ ಮಹಾಂತೇಶ್ ನಿಟ್ಟುಸಿರುಬಿಟ್ಟ. "ಆದ್ರೆ ಇರೋ ಅವ್ವನ ಮಾತ್ನೇ ಇಲ್ಲ ಅಂದೋನು, ನಾಳೆ ಇಲ್ದಿರೋ ಜರಿ ಐತೆ ಅನ್ನಲ್ವಾ? ಹೋಗ್ಬಾ."

ಪಾಲಾಕ್ಷ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಸಿದ. ಕೈಗೆ ಬಂದ ಕೆಲಸ ಕಳೆದುಕೊಂಡ ಮೇಲೆ ಲೂಸೋ ಲೂಜೋ ಎಂಬ ಅನುಮಾನ ಅವನಿಗೆ ಇನ್ನು ಜನ್ಮದಲ್ಲಿ ಬರುವಂತಿರಲಿಲ್ಲ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು, ಮಾವ ದಾಸಣ್ಣ.

"ಲೇ ಅಳಿಯಾ, ಏನಾತು? ಇಟ್ಟಿಗೆ ಲಾರಿ ಬಂದು ನಿಂತೈತೆ!"

ಪಾಲಾಕ್ಷ ಕಣ್ಣೊರೆಸಿಕೊಂಡು, ಬರುತ್ತಿದ್ದೇನೆ ಎಂದು ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಂತೆ ತೆಲುಗಿನಲ್ಲೇ ಹೇಳಿದ: "ವಸ್ತುನ್ನಾ ಮಾಮಾ, ವಸ್ತುನ್ನಾ."