ನಮ್ಮ ನೆಗೆಣ್ಣಿ ಪಿಸ್ತೂಲು ಆರಿಸಿದ್ದು

ನಮ್ಮ ನೆಗೆಣ್ಣಿಯಂಥ ಅಹಿಂಸಾದಾಕಿ ಈ ಕೃಷ್ಣಾ ಹೊಳಿ ದಂಡಿಗುಂಟ ಹುಡುಕಿದ್ರೂ ಇನ್ನೊಬ್ಬಾಕಿ ಸಿಗೂದಿಲ್ಲ. ಅಂಥಾಕಿ ಕಡೆನ ಈ ಸೀಮಿಯೊಳಗ ಎಲ್ಲಾಕಿಂತ ಜೋರಿನ ಪಿಸ್ತೂಲು ಐತಿ.

ನಗಬ್ಯಾಡ್ರಿ. ನಾನೂ ಮೊದಲ ನಕ್ಕಾಕಿನ.

ನೆಗೆಣ್ಣಿ ಅಂದ್ರ ನನ್ನ ಮೈದುನನ ಹೇಂತಿ. ಈ ಮನಿಗೆ ನಾ ಹಿರೇ ಸೊಸಿ, ಅಕಿ ಕಿರೇ ಸೊಸಿ. ನಾವು ಜೈನರು. ಹೊತ್ತು ಮುಣಗೂದ್ರಾಗ ಊಟ ಮುಗಸ್ತೀವಿ, ನೀರು ಸೋಸಿ ಕುಡೀತೀವಿ, ಗಡ್ಡಿ ಗೆಣಸು ಮುಟ್ಟೂದಿಲ್ಲ. ಇಷ್ಟು ನಮ್ಮ ಎಲ್ಲಾ ಮನ್ಯಾಗೂ ಇರೂದ. ಆದ್ರ ಅಕೀದು ಯಾವಾಗ್ಲೂ ಒಂದು ತೊಲಿ ಹೆಚ್ಚ. ಒಮ್ಮೆ ಇರವಿ ಸಾಲು ಅಡ್ಡ ಬಂತಂತ ಕಬ್ಬಿನ ಟ್ರ್ಯಾಕ್ಟರ್ ನಿಂದರಿಸಿಬಿಟ್ಟಳು. ಹಿಂದ ಫ್ಯಾಕ್ಟರಿಗೆ ಹೊಂಟಿದ್ದ ಟ್ರ್ಯಾಕ್ಟರ್ ಎಲ್ಲಾ ಸಾಲುಗಟ್ಟಿ ನಿಂತವು. ಒಬ್ಬ ಡ್ರೈವರ್ ಕೆಳಗಿಳಿದು ಬಂದು, "ಏನಾಗೈತ್ರೀ ಅವ್ವಾರ, ಆಕ್ಸಿಡೆಂಟೇನು?" ಅಂತ ಕೇಳಿದ.

"ಏನಿಲ್ಲೋ ತಮ್ಮಾ, ಇರವಿ ದಾಟಾಕತ್ತಾವ. ಬಾಳ ಮಂದಿ ಇಲ್ಲ, ಇನ್ನೇನ ಮುಗೀತು" ಅಂದ್ಳು.

ಆ ಡ್ರೈವರ್ ತಲಿ ಮ್ಯಾಲ ಕೈ ಹೊತ್ತು ಅಲ್ಲೇ ಕುಂತ. ಇರವಿಗೇನು ಅವಸರ ಇರತೈತೇನು?

ಮೈದುನ ತೀರಿಕೊಂಡ ಮ್ಯಾಲ ಅಕಿ ಹೊಳಿ ಕಡೆ ಇರೂ ತ್ವಾಟದ ಮನ್ಯಾಗ ಒಬ್ಬಾಕಿನ ಇದ್ದಾಳ. ಮುಂದ ದ್ರಾಕ್ಷಿ ಪಡ, ಹಿಂದ ಹೊಳಿ. ನಮ್ಮ ಮನಿ ರಸ್ತೆ ಕಡೆ. ನಡಕ ಕಬ್ಬು. ಬದುವಿನ ಮ್ಯಾಲ ನಡದ್ರ ಎಲಿ ಅಡಿಕಿ ಹಾಕ್ಕೊಂಡು ಅದು ಬಾಯಾಗ ಕರಗೂದ್ರಾಗ ಮುಟ್ಟತೀವಿ. ದಿನಾ ಜಗಳಾಡ್ತೀವಿ. ಜಗಳಾಡದ ದಿನ, ಅಕೀಗೆ ಮೈಯಾಗ ಆರಾಮಿಲ್ಲೋ ಏನೋ ಅಂತ ನಾ ನೋಡಾಕ ಹೋಗ್ತೀನಿ.

ಹೋದ ವರ್ಷದ ಹಿಂದಿನ ವರ್ಷ ಕಳ್ಳರ ಕಾಟ ಸುರು ಆತು. ಹೊಳಿ ದಂಡಿಗೆ ಇರೂ ಮೋಟರಿನ ಕೇಬಲ್ ಕೊಯ್ದು ಒಳಗಿನ ತಾಮ್ರ ಮಾರಾವ್ರು. ಇವತ್ತು ಅವರ ತ್ವಾಟ, ನಾಳೆ ಇವರ ತ್ವಾಟ. ಅಕಿ ಸಾಕಿದ ನಾಯಿ ಇತ್ತು, ಖರೆ. ಆದ್ರ ಅದಕ್ಕೂ ಹೊತ್ತು ಮುಣಗೂ ಮೊದಲ ಊಟ ಹಾಕಿ ಮಲಗೂ ಚಟಾ ಹಚ್ಚಿದ್ದಳು. ಕಳ್ಳರು ಬಂದು ಅಕಿ ಕೇಬಲ್ ಕೊಯ್ದು ಹೋದ್ರೂ ಅದು ಕಣ್ಣ ತೆರೀಲಿಲ್ಲ. ಅದೂ ಶ್ರಾವಕ ಆಗಿತ್ತು.

ನನ್ನ ಮಗ ನನ್ನೂ ಕರಕೊಂಡು ಹೋಗಿ ಅಕಿ ಮುಂದ ಕುಂತ. ಅಕಿಗೆ ಅಂವ ಕಾಕು ಅಂತಾನ.

"ಕಾಕು, ಸಾಕಿನ್ನ. ನಮ್ಮ ಮನಿಗೆ ಬಂದುಬಿಡು. ಈ ಮನಿಗೆ ಕೀಲಿ ಹಾಕ್ತೀನಿ."

"ನಿಮ್ಮ ಮನಿಗೆ ನಾ ಒಲ್ಲೆ. ನಿಮ್ಮವ್ವಗ ಕೇಳೂದಿಲ್ಲಂತ ಟೀವಿ ಆ ನಮೂನಿ ಒದರಸ್ತೀರಿ. ನನ್ನ ಜಪದಾಗ ಅತ್ತಿ ಸೊಸಿ ಬೈದಾಡೂದು ಬಂದು ಕುಂದರತೈತಿ."

ಇದು ಮಾತ್ರ ಸುಳ್ಳಲ್ಲ. ನನ್ನ ಕಿವಿ ಮಂದ ಆಗಿ ಬಾಳ ದಿನ ಆತು. ಫೋನ್ ಹೊಡಕೋತ ಬಿದ್ದಿರತೈತಿ, ನಾ ಅದರ ಬಾಜೂಕ ಕುಂತು ಅವರಿಕಾಯಿ ಸುಲೀತಿರ್ತೀನಿ.

"ಹಂಗಾರ ಒಂದು ಮಾತು," ಅಂದ ಮಗ. "ನಿನ್ನ ರಕ್ಷಣಾಕ್ಕ ಏನಾರ ಇರಬೇಕು. ಆಳು ಇಡು, ಇಲ್ಲಾ ಬ್ಯಾರೆ ನಾಯಿ ಸಾಕು. ಏನೂ ಇಲ್ಲಾಂದ್ರ ಕೀಲಿ ಹಾಕೂದ ಖಾಯಂ."

ಅಕಿ ವಿಚಾರ ಮಾಡಿದ್ಳು. ನನ್ನ ಕಡೆ ಒಮ್ಮೆ ನೋಡಿದ್ಳು, ನಡಕಿನ ಕಬ್ಬಿನ ಕಡೆ ಒಮ್ಮೆ ನೋಡಿದ್ಳು. ಆಮ್ಯಾಲ ಅಂದ್ಳು: "ಆತು. ಪಿಸ್ತೂಲು ಕೊಡಸು."

ಮಗನ ಕೈಯಾಗಿನ ಚಾ ಅಂಗಿ ಮ್ಯಾಲ ಚೆಲ್ಲಿತು. ಹೊಳ್ಳಿ ಬರೂ ಮುಂದ ಅಂವ ನನ್ನ ಕೇಳಿದ, "ಅವ್ವಾ, ಕಾಕುಗ ತಲಿ ನೆಟ್ಟಗೈತೇನು?" ನೆಟ್ಟಗಿದ್ದದ್ದು ಯಾವಾಗ ನೋಡಿದ್ದೆಪಾ, ಅಂದೆ.

ಪಿಸ್ತೂಲು ಅಂದ್ರ ಸಂತ್ಯಾಗಿನ ಬದನಿಕಾಯಿ ಅಲ್ಲ. ಲೈಸನ್ಸಿಗೆ ಅರ್ಜಿ, ಫೋಟೋ, ಪೊಲೀಸರು ಮನಿಗೆ ಬಂದು ವಿಚಾರಣೆ. ಚಿಕ್ಕೋಡಿ ಕಚೇರಿಗೆ ಕರಸಿದ್ರು. ಜೋಡಿಗೆ ನಾನೂ ಹೋಗಿದ್ದೆ. ಸಾಹೇಬ್ರು ಸಣ್ಣ ವಯಸ್ಸಿನವ್ರು. ಅಕಿ ಬಿಳಿ ಸೀರಿ, ಕೈಯಾಗಿನ ಜಪಮಾಲಿ ನೋಡಿ, ಯಾರೋ ದಾರಿ ತಪ್ಪಿ ಒಳಗ ಬಂದಾರಂತ ತಿಳದ್ರು.

"ಅಮ್ಮಾರ, ಪಿಸ್ತೂಲು ಯಾಕ್ರಿ? ನಿಮಗ ವೈರಿ ಯಾರದಾರು?"

"ಯಾರೂ ಇಲ್ರಿ. ವೈರಿ ಇದ್ರ ಕರದು ಚಾ ಕೊಟ್ಟು ಮಾತಾಡಿ ಮುಗಸ್ತಿದ್ದೆ. ಪಿಸ್ತೂಲು ಯಾಕ ಬೇಕಿತ್ತು?"

"ಮತ್ತ ಯಾರಿಗೆ ಹೊಡೀತೀರಿ?"

"ಯಾರಿಗೂ ಹೊಡಿಯೂದಿಲ್ರಿ. ದಶಲಕ್ಷಣ ಪರ್ವದಾಗ ಉಪಾಸ ಮಾಡಾಕಿ ನಾ."

ಸಾಹೇಬ್ರು ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದ್ರು. ನಾ ಏನ ಹೇಳ್ಲಿ? "ಬರಕೋರಿ ಸಾಹೇಬ್ರ, ಅಕಿ ಸುಳ್ಳಾಡಾಕಿ ಅಲ್ಲ" ಅಂದೆ.

ಪಿಸ್ತೂಲು ಹಿಡಿಯೂದು ಮೊದಲ ಕಲೀಬೇಕಂತ. ಅದಕ್ಕ ಬೆಳಗಾವಿಗೆ ಹೋಗಬೇಕಾತು. ಪೊಲೀಸರ ದೊಡ್ಡ ಬಯಲು, ಕಡೀಕ ಮಣ್ಣಿನ ದಿಬ್ಬ, ದಿಬ್ಬಕ್ಕ ಆನಿಸಿ ಒಂದು ಹಲಗಿ. ಹಲಗಿ ಮ್ಯಾಲ ಕರೇ ಬಣ್ಣದ ಮನಷ್ಯಾನ ಆಕಾರ. ಅದನ್ನ ನೋಡಿದ್ದ ತಡ, ಅಕಿ ಪಿಸ್ತೂಲು ಕೆಳಗಿಟ್ಟಳು.

"ಇದಕ್ಕ ನಾ ಹೊಡಿಯೂದಿಲ್ರಿ."

"ಅದು ಕಾಗದ ಐತ್ರೀ ಅಮ್ಮಾರ" ಅಂದ ಕಲಸಾಂವ.

"ಕಾಗದ ಇರಲ್ರಿ. ಹಿಟ್ಟಿನ ಕೋಳಿ ಮಾಡಿ ಕೊಯ್ದ್ರೂ ಕೋಳಿ ಕೊಯ್ದ ಪಾಪಾನ ಬರತೈತಿ ಅಂತ ನಮ್ಮ ಮುನಿಗಳು ಪ್ರವಚನದಾಗ ಹೇಳ್ಯಾರ. ಇದಂತೂ ಮನಷ್ಯಾ. ಬ್ಯಾರೆ ಏನಾರ ಹಚ್ಚರಿ."

ಅಂವ ಎಷ್ಟು ಮಂದಿಗೆ ಕಲಸಿದ್ನೋ ಏನೋ, ಇಂಥಾ ತಂಟೆ ಬಂದಿರಲಿಲ್ಲ. ಕಡೀಕ ಒಂದು ಬಿಳಿ ಹಾಳಿ ತಗೊಂಡು ಗುಂಡಗ ಕತ್ತರಸಿ ಹಚ್ಚಿದ. ಅಕಿ ನೋಡಿ, "ಹಾಂ, ಇದು ರೊಟ್ಟಿ ಆಕಾರ. ನಡೀತೈತಿ" ಅಂದ್ಳು.

ನನ್ನ ಮಾತ್ರ ಬಾಜೂಕ ಕುಂದರಗೊಡಲಿಲ್ಲ. "ಅಕ್ಕಾ, ನೀ ಆ ಬೇವಿನ ಗಿಡದ ಬುಡಕ ಹೋಗಿ ಕುಂದರು" ಅಂತ ಬಯಲಿನ ಆ ಕಡೀಕ ಕಳಸಿದ್ಳು. ಬಿಸಲಾಗ ಅಷ್ಟು ದೂರ ನಡಸಿದ್ಳಂತ ಬೈಕೋತ ಹ್ವಾದೆ. ಅಲ್ಲಿದ್ದ ಪೊಲೀಸಪ್ಪ ಕಿವ್ಯಾಗ ತುರುಕಾಕ ಹತ್ತಿ ಕೊಡಾಕ ಬಂದ. "ಬ್ಯಾಡಪಾ, ನನಗ ದೇವ್ರು ಮೊದಲ ತುರಕ್ಯಾನ" ಅಂದೆ.

ಮೊದಲ ಒಂದು ಸಣ್ಣ ಪಿಸ್ತೂಲು ಹಾರಸಿದ್ಳು. ಹಾರಸಿ, ಹಾಳಿ ನೋಡೂದು ಬಿಟ್ಟು ಹೊಳ್ಳಿ ನನ್ನ ಕಡೆ ನೋಡಿದ್ಳು. ಕೈ ಮಾಡಿ, ಕೇಳಿತೇನು ಅಂತ ಕೇಳಿದ್ಳು. ನಾ ಇಲ್ಲಂತ ಕೈ ಆಡಿಸಿದೆ. ಇನ್ನೊಂದು ತಗೊಂಡ್ಳು. ಮತ್ತ ಹೊಳ್ಳಿ ನೋಡಿದ್ಳು. ಎಲ್ಲೋ ಹಪ್ಪಳ ಮುರದಂಗಾತು. ನಾ ಒದರಿ ಹೇಳಿದೆ, "ಏನ ಹೊಡ್ಯಾಕತ್ತೀಯಬೇ? ನಿನಗಿಂತ ನಮ್ಮ ಒಗ್ಗರಣಿ ಜೋರ ಚಟಗುಡತೈತಿ." ಪೊಲೀಸಪ್ಪಗಳೆಲ್ಲಾ ನಕ್ಕರು. ಬಡಾಯಿ ತೋರಸಾಕತ್ತಾಳ, ಇಳಸೂಣು ಅಂತ ನನ್ನ ವಿಚಾರ.

ಅಕಿ ಕಲಸಾಂವಗ, "ಇದಕ್ಕಿಂತ ದೊಡ್ಡದು ಐತೇನ್ರಿ?" ಅಂತ ಕೇಳಿದ್ಳಂತ. "ಐತ್ರಿ. ಆದ್ರ ಅದರ ಕಾಡತೂಸು ಬಾಳ ಜೋರು. ಜಾಡಸ್ತೈತಿ, ಕೈ ತಡಿಯೂದಿಲ್ಲ" ಅಂದನಂತ. ಅದಕ್ಕ ಇಕಿ, "ದಿನಾ ಜ್ವಾಳದ ರೊಟ್ಟಿ ಬಡದ ಕೈ ಐತ್ರೀ ಇದು. ಕೊಡ್ರಿ" ಅಂದ್ಳಂತ.

ಅದು ಹಾರಿದಾಗ ಬೇವಿನ ಗಿಡದಾಗಿನ ಹಕ್ಕಿ ಎಲ್ಲಾ ಎದ್ದುವು. ನನ್ನ ಎದಿಗೆ ಯಾರೋ ಕೈ ಬೀಸಿ ಹೊಡದಂಗಾತು. ಎಷ್ಟೋ ವರ್ಷದ ಮ್ಯಾಲ ಒಂದು ಸಪ್ಪಳ, ನನ್ನ ಪರವಾನಿಗಿ ಕೇಳದ, ಸೀದಾ ತಲಿಯೊಳಗ ಬಂದು ಕುಂತಿತು. "ಕೇಳಿತೇ, ಕೇಳಿತು, ಸಾಕ ಮಾಡು" ಅಂತ ಒದರಿದೆ. ಅಕಿ ಹಲ್ಲ ಕಿಸದ್ಳು.

ಹಾಳಿ ತಂದು ತೋರಿಸಿದ್ರು. ರೊಟ್ಟಿಗೆ ನಟ್ಟ ನಡಕ ತೂತು. ಕಲಸಾಂವ ಹಾಳಿ ತಿರುವಿ ಮುರುವಿ ನೋಡಿ, "ನಮ್ಮ ಹುಡುಗರಿಗೂ ಹಿಂಗ ಬೀಳೂದಿಲ್ರಿ" ಅಂದ. ನಾ ಎದ್ದು ಸೆರಗು ಸರಿ ಮಾಡಿಕೊಂಡು, ಕೇಳದಿದ್ದವರಿಗೂ ಹೇಳಿದೆ: "ನಮ್ಮ ಮನಿ ಕಿರೇ ಸೊಸಿ ಅಕಿ. ನನ್ನ ನೆಗೆಣ್ಣಿ."

ಲೈಸನ್ಸಿನ ಕಾಗದ ಕೈಗೆ ಬರೂದ್ರಾಗ ದ್ರಾಕ್ಷಿ ಒಂದು ಹಂಗಾಮ ಮುಗೀತು. ಮತ್ತ ಬೆಳಗಾವಿಗೆ ಹ್ವಾದಿವಿ, ಬಂದೂಕಿನ ಅಂಗಡಿಗೆ. ಅಂಗಡಿಯಾಂವ ಅಕಿನ್ನ ನೋಡಿ ಒಂದು ಸಣ್ಣದು ತಗದು ಗಾಜಿನ ಮ್ಯಾಲ ಇಟ್ಟ. "ಇದು ಲೇಡೀಸ್ ಪೀಸ್ ಅಕ್ಕಾರ. ಮಸ್ತ ಐತಿ. ಪರ್ಸಿನಾಗ ಹಿಡೀತೈತಿ."

"ನನ್ನ ಕಡೆ ಪರ್ಸ್ ಇಲ್ರಿ, ಎಲಿ ಅಡಿಕಿ ಚಂಚಿ ಐತಿ. ಅದರಾಗ ಇದು ಹಿಡದ್ರ ಅಡಿಕಿ ಎಲ್ಲಿ ಇಡ್ಲಿ? ಸಪ್ಪಳ ಜೋರ ಇರೂದು ತೋರಸ್ರಿ."

ಆಮ್ಯಾಲ ಅಂವ ಎರಡು ನಮೂನಿ ಇಟ್ಟ. ಒಂದು ಮೂವತ್ತೆರಡು ಬೋರಿಂದು, ಇನ್ನೊಂದು ಮೂವತ್ತು ಬೋರಿಂದು. ಜೋರು ಯಾವ್ದು ಅಂದ್ರ ಮೂವತ್ತು ಅಂದ. ನಾ ಸಾಲಿ ಕಲಿತಾಕಿ ಅಲ್ಲ, ಆದ್ರ ಮೂವತ್ತಕ್ಕಿಂತ ಮೂವತ್ತೆರಡು ದೊಡ್ಡದು ಅನ್ನೂದು ನಮ್ಮ ಎಮ್ಮಿಗೂ ತಿಳೀತೈತಿ! ತಕರಾರು ತಗದೆ. ಅಂವ ಪಾಪ ಎರಡರ ಕಾಡತೂಸೂ ಅಂಗೈ ಮ್ಯಾಲ ಇಟ್ಟು ತೋರಿಸಿದ. ಮೂವತ್ತೆರಡರದು ಮೋಟು, ಗೇರಬೀಜದಷ್ಟು. ಮೂವತ್ತರದು ಉದ್ದ, ಅತ್ತರ ಬಾಟ್ಲಿ ಹಂಗ ಕುತಿಗಿ ಸಣ್ಣ, ಹೊಟ್ಟಿ ದೊಡ್ಡದು. "ಈ ಹೊಟ್ಟಿ ತುಂಬ ಮದ್ದು ಐತ್ರೀ ಅವ್ವಾರ. ಜೋರು ಅದರಾಗ ಇರೂದು" ಅಂದ. ಒಂದು ಹಾರಿದ ಕೂಡಲೆ ಖಾಲಿ ಕೊಳವಿ ಹೊರಗ ಚಿಮ್ಮಿ, ಎರಡನೇದು ತನ್ನಷ್ಟಕ ತಾನ ಏರತೈತಿ. ಬೆರಳಿಲೆ ಪಿಸ್ತೂಲಿನ ಕುದರಿ ಎಳದಷ್ಟ ನಮ್ಮ ಕೆಲಸ.

"ಇದನ್ನ ಕೊಡ್ರಿ" ಅಂದ್ಳು ನೆಗೆಣ್ಣಿ.

"ಅಕ್ಕಾರ, ನಾ ಯಾಪಾರಸ್ಥ, ಬ್ಯಾಡಂತ ಹೇಳಬಾರ್ದು. ಆದ್ರ ನಿಮಗ ಇಷ್ಟು ಜೋರಿಂದು ಯಾಕ್ರಿ?"

"ಸಣ್ಣದು ಇದ್ರ ಗುರಿ ಇಟ್ಟು ಹೊಡೀಬೇಕಾಕ್ಕೈತ್ರಿ. ಜೋರಿಂದಾದ್ರ ಸಪ್ಪಳಾನ ಸಾಕು, ಯಾರಿಗೂ ಹೊಡಿಯೂದು ಬ್ಯಾಡ. ಅಹಿಂಸಾಕ್ಕ ದೊಡ್ಡದ ಬೇಕು."

ಅಂವ ಗಲ್ಲಾ ಪೆಟಗಿ ಹಿಂದ ಕೈ ಮುಗದು ನಿಂತ. ಮುಂದ ಚರ್ಮದ ಚೀಲ ಕೊಡಾಕ ಬಂದ. ಚರ್ಮಾ ಅಂದ ಕೂಡಲೆ ಇಕಿ ಮೂರು ಹೆಜ್ಜಿ ಹಿಂದಕ ಸರದ್ಳು. ಮನಿಗೆ ಬಂದು ಹಳೇ ಸೀರಿ ಹರದು, ಮಡಚಿ ಮಡಚಿ, ಕೌದಿ ಹೊಲಿಗಿ ಹಾಕಿ, ಒಂದು ಚೀಲಾ ಹೊಲದು ಟೊಂಕಕ್ಕ ಕಟ್ಟಿಕೊಂಡ್ಳು. ಕೆಂಪು ದಾರ, ಹಸರು ದಾರ, ಮೂಲಿಗೊಂದು ಗೊಂಡೆ. ಒಳಗ ಮೂವತ್ತು ಬೋರಿನ ಪಿಸ್ತೂಲು. ಕೌದಿ ಹೊದ್ದು ಮಲಗಿದ ಕೂಸಿನಂಗ!

ಇಷ್ಟಕ್ಕ ಮುಗೀತೇನು? ಎಲ್ಲಿ ಮುಗೀತೈತ್ರಿ. ಹೊಡಿಯೂ ಪಾಳಿ ಬಂದ್ರ ಎಲ್ಲಿಗೆ ಹೊಡಿಯೂದು ಅನ್ನೂದು ಹೊಸಾ ಚಿಂತಿ. ಮ್ಯಾಲ ಹೊಡದ್ರ ಹಕ್ಕಿ. ಕೆಳಗ ಹೊಡದ್ರ ಇರವಿ. ಗಿಡಕ್ಕ ಹೊಡದ್ರ ಗಿಡಕ್ಕೂ ಜೀವ ಐತಿ. ಕಡೀಕ ಬಾಗಲ ಮುಂದ ಒಂದು ಎಣ್ಣಿ ಡ್ರಮ್ಮು ನಿಂದರಿಸಿ, ಅದರ ತುಂಬ ಉಸುಕು ತುಂಬಿದ್ಳು. ಬರೇ ಉಸುಕಲ್ಲ, ಜರಡಿ ಹಿಡದ ಉಸುಕು. ವಾರಕ್ಕೊಮ್ಮೆ ಹೊರಗ ತಗದು, ಸೋಸಿ, ಒಳಗ ಹುಳ ಹುಪ್ಪಡಿ ಸೇರಿದ್ರ ದೂರ ಬಿಟ್ಟು ಬಂದು, ಮತ್ತ ತುಂಬೂದು. ಮಗ ನೋಡಿ ಕೇಳಿದ, "ಕಾಕು, ದ್ರಾಕ್ಷಿಗೆ ಔಷಧ ಹೊಡೀತಿ, ಅದರಾಗ ಹುಳ ಸಾಯೂದಿಲ್ಲೇನು?"

"ಸಾಯ್ತಾವ. ಅದು ಹೊಟ್ಟಿ ಪಾಡು. ಅದಕ್ಕನ ಉಪಾಸ ಮಾಡಿ ತಪ್ಪು ಒಪ್ಪಿಸ್ತೀನಿ. ಪಿಸ್ತೂಲು ಹೊಟ್ಟಿ ಪಾಡಲ್ಲೋ."



ಸುದ್ದಿ ಕುಡಚಿ ಸ್ಟೇಷನ್ ತನಕಾ ಹೋತು. ಬಿಳಿ ಸೀರಿ ಕಾಕು ಹಾಳಿಗೆ ನಟ್ಟ ನಡಕ ಹೊಡೀತಾಳಂತ, ಅಕಿ ಪಿಸ್ತೂಲು ತೋಫಿನಂಗ ಗುಡಗತೈತಂತ. ಮಂದಿ ಒಂದಕ್ಕ ನಾಕು ಹಚ್ಚಿದ್ರು. ನಾನೂ ಒಂದೆರಡು ಹಚ್ಚಿದೆ, ಯಾಕ ಸುಳ್ಳು ಹೇಳ್ಲಿ. ಆವತ್ತಿನಿಂದ ನಮ್ಮ ದಂಡಿಗೆ ಒಂದು ಮೊಳ ಕೇಬಲ್ ಹೋಗಿಲ್ಲ. ಒಂದು ಗುಂಡು ಹಾರಿಲ್ಲ, ಕಳ್ಳರು ಹಾರಿ ಹೋದ್ರು. ಮಗಾ ಕೀಲಿ ಮಾತು ಬಿಟ್ಟ.

ಆಮ್ಯಾಲ ಈ ಸಲದ ಬಳ್ಳಿ ಕತ್ತರಸೂ ಹಂಗಾಮ ಬಂತು. ಮಗಾ ಸೊಸಿ ಅಥಣಿಗೆ ಮದವಿಗೆ ಹೋಗಿದ್ರು. ಸಂಜಿ ಊಟ ಮುಗಿಸಿ, ನಾ ಒಬ್ಬಾಕಿನ ಕಟ್ಟಿ ಮ್ಯಾಲ ಕುಂತು ಅಕ್ಕಿ ಹಸನ ಮಾಡಾಕತ್ತಿದ್ದೆ. ಧಡಲ್ ಅಂತು.

ಬೇವಿನ ಗಿಡದ ಬುಡಕ ಕೇಳಿದ ಸಪ್ಪಳಾನ ಅದು. ಮರೀಲಾಕ ಬರೂದಿಲ್ಲ.

ಮೊರ ಎಲ್ಲಿ ಬಿತ್ತೋ ಗೊತ್ತಿಲ್ಲ. ಕುಡಗೋಲು ಕೈಗೆ ಸಿಕ್ಕಿತು, ಹಿಡಕೊಂಡು ಬದು ಹಿಡದೆ. ಕಳ್ಳರು ಬಂದಾರ, ಅಕಿನ್ನ ಏನ ಮಾಡ್ಯಾರೋ ಅನ್ನೂದೊಂದ ತಲಿಯಾಗ. ಆ ಹೊತ್ತಿನಾಗ ನನ್ನ ಅಹಿಂಸಾ ಎಲ್ಲಿ ಹೋಗಿತ್ತು ಅಂತ ಕೇಳಬ್ಯಾಡ್ರಿ. ಅಕಿ ಮನಿ ಮುಟ್ಟೂದ್ರಾಗ ಎರಡನೇದು ಹಾರಿತು.

ಬಾಗಲ ಮುಂದ ಅಕಿ ಡ್ರಮ್ಮಿಗೆ ಬೆನ್ನ ಹಚ್ಚಿ ಕುಂತಿದ್ಳು. ಒಂದು ಕಾಲು ಸೊಟ್ಟ ತಿರುಗಿತ್ತು. ಮಾರಿ ಮ್ಯಾಲ ರಗತ ಇರಲಿಲ್ಲ. ದ್ರಾಕ್ಷಿ ಪಡದಿಂದ ಡ್ರಮ್ಮಿನ ತನಕಾ ಮಣ್ಣಾಗ ಎಳಕೊಂಡು ಬಂದ ಗುರುತು, ಮಸಳಿ ತೆವಳಿದಂಗ. ಉಸುಕಿನಾಗ ಎರಡು ಗುಂಡಿ ಬಿದ್ದಿದ್ದುವು.

"ಎಲ್ಲಿ ಅದಾರ ಕಳ್ಳರು?" ಅಂದೆ, ಕುಡಗೋಲು ಎತ್ತಿ.

"ಯಾವ ಕಳ್ಳರು?"

"ಮತ್ತ ಯಾಕ ಹಾರಸಿದಿ?"

"ಪಡದಾಗಿನ ಕಾಲುವಿ ದಾಟೂ ಮುಂದ ಜಾರಿ ಬಿದ್ದೆ. ಕಾಲು ಮುರದೈತಿ. ನಿನ್ನ ಕರದೆ."

ನನಗ ಸಿಟ್ಟು ಬಂತು. "ಬಿದ್ದಲ್ಲೇ ಮ್ಯಾಲ ಹಾರಸಾಕ ಏನ ಧಾಡಿ ಆಗಿತ್ತು ನಿನಗ? ಮುರದ ಕಾಲು ಎಳಕೊಂಡು ಇಲ್ಲಿತನಕಾ ಬಂದಿಯಲ್ಲ, ಹುಚ್ಚಿ."

"ಗಿಣಿ ಹಿಂಡು ಗೂಡಿಗೆ ಹೊಂಟಿತ್ತಕ್ಕಾ."

ನಾ ಕುಡಗೋಲು ಒಗದು ಅಕಿ ಬಾಜೂಕ ಕುಂತೆ. ಅಕಿ ಪಿಸ್ತೂಲು ಕೌದಿ ಚೀಲದಾಗ ಇಟ್ಟು, ಸೆರಗಿಲೆ ಮಾರಿ ಒರಸಿಕೊಂಡು, ಚಾಷ್ಟಿ ಮಾಡಿದ್ಳು: "ಫೋನ್ ಹಚ್ಚಿದ್ರ ನೀ ಎತ್ತತಿದ್ದಿ ಏನು? ಒದರಿದ್ರ ಕೇಳತಿತ್ತೇನು? ಆ ಅಂಗಡಿಯಾಂವ ಲೇಡೀಸ್ ಪೀಸ್ ತಗೋ ಅಂದ. ಅದು ಕಬ್ಬು ದಾಟಿ ನಿನ್ನ ಕಿವಿ ಮುಟ್ಟೂದು ಎಂದ?"

ಸಪ್ಪಳಕ್ಕ ಬಾಜೂ ತ್ವಾಟದವ್ರೂ ಓಡಿ ಬಂದ್ರು. ಅವರ ಗಾಡ್ಯಾಗ ಹಾಕ್ಕೊಂಡು ಮಿರಜಿಗೆ ಒಯ್ದಿವಿ. ದಾರಿ ತುಂಬ ಅಕಿ ಪಂಚ ನಮಸ್ಕಾರ ಮಂತ್ರ ಹೇಳಿದ್ಳು, ನಾ ಬೈದೆ.

ಈಗ ಅಕಿ ಕಾಲಿಗೆ ಪ್ಲಾಸ್ಟರ್ ಹಾಕ್ಕೊಂಡು ನಮ್ಮ ಮನ್ಯಾಗ ಟೀವಿ ಬೈಕೋತ ಮಲಗ್ಯಾಳ. ಮೊನ್ನೆ ಮಗ ಕೀಲಿ ಹಿಡಕೊಂಡು ಬಂದ. "ಅವ್ವಾ, ಇನ್ನ ಕಾಕು ಆ ಮನಿಗೆ ಹೋಗೂದು ಬ್ಯಾಡ. ಒಬ್ಬಾಕಿನ ಇದ್ರ ಹಿಂಗ ಆಕ್ಕೈತಿ ನೋಡು."

ನಾ ಕೀಲಿ ಕಸಗೊಂಡು ಸೆರಗಿನ ತುದಿಗೆ ಕಟ್ಟಿಕೊಂಡೆ. "ಅಕಿ ಕಾಲು ನೆಟ್ಟಗಾದ ಮ್ಯಾಲ ತನ್ನ ಮನಿಗೆ ಹೋಗ್ತಾಳ. ಒಬ್ಬಾಕಿ ಅಂತ ನಿನಗ ಯಾರ ಹೇಳಿದ್ರು? ಕರದ್ರ ನನಗ ಕೇಳತೈತಿ" ಅಂದೆ.

ಅಲ್ಲಿತನಕಾ ಉಸುಕು ಸೋಸೂದು ನನ್ನ ಪಾಳಿ. ನಿನ್ನೆ ಜರಡ್ಯಾಗ ಒಂದು ಇರವಿ ಸಿಕ್ಕಿತು. ಆ ಕಡೆ ಈ ಕಡೆ ನೋಡಿದೆ, ಯಾರೂ ಇರಲಿಲ್ಲ. ಎತ್ತಿ ಅಂಗೈಯಾಗ ಇಟ್ಟುಕೊಂಡು, ಕಾಲುವಿ ದಾಟಿಸಿ, ಬಿಟ್ಟು ಬಂದೆ.